ಅದೇ ಹನ್ನೆರಡು ಕಂಬ

"ಇಲ್ಲ ಅನ್ನಬೇಡಿ, ನಾನು ಬಾಯಿಬಿಟ್ಟು ಕೇಳ್ತಿರೋದು ಇದೇ ಮೊದಲ ಸಲ," ಎಂದರು ಹಲ್ಲು ಡಾಕ್ಟರು, ಒಂದು ಕಾಲು ಹೊಸ್ತಿಲೊಳಗೆ, ಇನ್ನೊಂದು ಹೊರಗೆ. ಶುದ್ಧ ಸುಳ್ಳು. ಏಳು ತಿಂಗಳಲ್ಲಿ ಇದು ನಾಲ್ಕನೇ ಸಲ. ಊರಿಗೆಲ್ಲ ಬಾಯಿ ತೆರೆಯಿರಿ ಎಂದು ಹೇಳುವ ಮನುಷ್ಯ, ತಾವು ಒಮ್ಮೆ ತೆರೆದರೆ ಮುಚ್ಚುವ ಪೈಕಿಯಲ್ಲ.

ನಕ್ಷೆಗಾರ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯ ರಾಶಿಯನ್ನು ಮಂಚಕ್ಕೆ ಸಾಗಿಸಿ ಅವರನ್ನು ಕೂರಿಸಿದ. ಸರ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು. ಊರಿನ ಯಾವ ಗಲ್ಲಿ ಯಾವ ಗಲ್ಲಿಗೆ ಕೂಡುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಆದರೆ ಹೆಂಡತಿ ತೀರಿಹೋಗಿ ಏಳು ತಿಂಗಳಾದರೂ ಈ ಎರಡು ಕೋಣೆಯ ಮನೆಯಲ್ಲಿ ಸಕ್ಕರೆ ಎಲ್ಲಿದೆ, ಕತ್ತರಿ ಎಲ್ಲಿದೆ ಎನ್ನುವುದು ಅವನ ತಲೆಗೆ ಇನ್ನೂ ಹತ್ತಿರಲಿಲ್ಲ. ಡಾಕ್ಟರಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟು, "ಹಲ್ಲಿಗೆ ಒಳ್ಳೇದು," ಎಂದ.

"ನಮ್ಮ ಭಾನುವಾರದ ಓಟಕ್ಕೆ ಹೊಸಬರು ಮೂರು ವಾರ ಬರ್ತಾರೆ, ನಾಲ್ಕನೇ ವಾರ ಹಲ್ಲುನೋವು ಅಂತ ತಪ್ಪಿಸ್ಕೊಳ್ತಾರೆ. ಅದೂ ನನ್ನ ಹತ್ರಾನೇ!" ಎಂದರು ಡಾಕ್ಟರು. "ತಪ್ಪೇನಿದೆ ಹೇಳಿ? ಅದೇ ಕಾಡು, ಅದೇ ಹನ್ನೆರಡು ಕಂಬ. ಎಷ್ಟು ಸಲ ಅಂತ ಹುಡುಕ್ತಾರೆ? ನೀವಿಬ್ಬರೂ ಅದೇ ಕಂಬಗಳಿಗೆ ಹನ್ನೊಂದು ವರ್ಷ ಬಂದವರು. ಕೊನೆಯ ಎರಡು ವರ್ಷವಂತೂ ಒಂದಲ್ಲ ಒಂದು ಹೊಸ ಉಪಾಯ ತರ್ತಿದ್ರಿ. ಅದನ್ನ ಬರೆದುಕೊಡಿ ಸಾಕು. ಸಣ್ಣ ಪುಸ್ತಕ ಮಾಡಿ ಹಂಚ್ತೀವಿ."

'ನೀವಿಬ್ಬರೂ' ಎಂದು ಬಾಯಿಂದ ಬಿದ್ದ ಮೇಲೆ ಡಾಕ್ಟರು ಲೋಟದೊಳಗೆ ನೋಡತೊಡಗಿದರು. ನಕ್ಷೆಗಾರ ಕಿಟಕಿಯ ಕಡೆ ನೋಡುತ್ತ, "ಆಯ್ತು," ಎಂದ.

ಊರಾಚೆ, ನೀರಿನ ಟ್ಯಾಂಕಿನ ಹಿಂದೆ, ಒಂದು ಗುಡ್ಡ, ಒಂದು ಒಣ ಹಳ್ಳ, ಸುತ್ತ ಒಂದಷ್ಟು ಮರ. ಅದನ್ನೇ ಎಲ್ಲರೂ ಕಾಡು ಎನ್ನುತ್ತಿದ್ದರು. ಅರಣ್ಯ ಇಲಾಖೆಯವರು ಹನ್ನೆರಡು ಕಂಬ ನೆಡಲು ಒಪ್ಪಿದ್ದರು, ಹದಿಮೂರನೆಯದಕ್ಕೆ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ನಕ್ಷೆ, ದಿಕ್ಸೂಚಿ ಹಿಡಿದು ಒಂದು ಕಂಬದಿಂದ ಇನ್ನೊಂದಕ್ಕೆ ದಾರಿ ಹುಡುಕಿಕೊಂಡು ಓಡಬೇಕು. ಸಿಕ್ಕ ಕಂಬದಲ್ಲಿ ಕಟ್ಟಿದ ಪಂಚಿನಿಂದ ಕೈಯ ಚೀಟಿಗೆ ತೂತು ಹಾಕಿಕೊಳ್ಳಬೇಕು. ಹನ್ನೆರಡೂ ಮುಗಿದ ಮೇಲೆ ಗಡಿಯಾರ ನೋಡಬೇಕು. ಓರಿಯಂಟೀರಿಂಗ್ ಎಂದರೆ ಇಷ್ಟೇ. ಕಂಬದ ತಲೆಗೆ ದೂರಕ್ಕೆ ಕಾಣಲೆಂದು ಕಿತ್ತಳೆ ಮತ್ತು ಬಿಳಿ ಬಟ್ಟೆ ಕಟ್ಟುತ್ತಾರೆ. ಹನ್ನೆರಡು ಕಂಬದ ಬಟ್ಟೆಯನ್ನೂ ಹೊಲಿದವಳು ನಕ್ಷೆಗಾರನ ಹೆಂಡತಿ. ಅವಳದ್ದು ಹೊಲಿಗೆಯ ಕೆಲಸ. ಗಾಳಿಗೆ ಹರಿಯಬಾರದೆಂದು ಅಂಚಿಗೆ ಎರಡೆರಡು ಸಲ ಮಿಷನ್ ಓಡಿಸಿದ್ದಳು.

ಅವನು ಒಪ್ಪಿದ್ದು ಡಾಕ್ಟರ ಕಾಟಕ್ಕಲ್ಲ. ಅವನೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಎರಡೂವರೆ ವರ್ಷದ ಹಿಂದೆ ಒಂದು ಭಾನುವಾರ, ಓಟ ಮುಗಿಸಿ ಕಾಡಿನ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಶೂ ಲೇಸು ಬಿಚ್ಚುತ್ತ ಅವಳು ಹೇಳಿದ್ದಳು: "ಅದೇ ಕಾಡು, ಅದೇ ಕಂಬ. ನನಗೆ ಬೇಜಾರು ಬಂದುಬಿಟ್ಟಿದೆ ಕಣ್ರೀ. ಏನಾದ್ರೂ ಹೊಸದು ಮಾಡಿ." ಅವನಿಗೆ ಕೇಳಿಸಿದ್ದು 'ಅದೇ ಗಂಡ' ಎಂದೂ ಸೇರಿಸಿ. ಕೇಳಿಸದೆ ಏನು? ತಾನು ರುಚಿಯಿಲ್ಲದ ಮನುಷ್ಯ ಎಂದು ಅವನಿಗೆ ಮೊದಲಿಂದ ಗೊತ್ತು. ದಿನವಿಡೀ ಒಂದೇ ದಪ್ಪದ ಗೆರೆ ಎಳೆಯುವವನು, ಮನೆಗೆ ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಎರಡು ಜೋಕು ಹೇಳುವವನು. ಅವತ್ತಿನಿಂದ ಅವಳಿಗೆ ಬೇಜಾರಾಗಬಾರದೆಂದು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಶುಕ್ರವಾರ ಬಂತೆಂದರೆ ನಾಲ್ಕೈದು ಹೊಸ ಆಟ ಬರೆದು ಅವಳ ಮುಂದೆ ಹರಡುತ್ತಿದ್ದ. ಅವಳು ಗಿರಾಕಿ ತಂದ ಬಟ್ಟೆ ನೋಡುವ ಹಾಗೆ ಒಂದೊಂದನ್ನೂ ಬೆರಳಲ್ಲಿ ಹಿಡಿದು ನೋಡಿ, "ಇದು ಬೇಡ, ಇದೂ ಬೇಡ, ಹಾಂ, ಇದಿರಲಿ," ಎನ್ನುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಕಾಯಿಲೆ ಬಿದ್ದು ಇಪ್ಪತ್ತೇ ದಿನದಲ್ಲಿ ಹೋಗಿಬಿಟ್ಟಳು. ಎಲ್ಲರಿಗೂ ಅವನು ಹೀಗೇ ಹೇಳುವುದು. ಒಂದು ಮಂಗಳವಾರ ಜ್ವರ, ಉಸಿರಾಟ ಕಷ್ಟ, ಆಸ್ಪತ್ರೆ. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ ಎಂದರು ಅಲ್ಲಿ. ಇಪ್ಪತ್ತೊಂದನೇ ದಿನ ಅವಳಿಲ್ಲ. ಕೊನೆಗೂ ಅವಳ ಬೇಜಾರು ಹೋಗಿತ್ತೋ ಇಲ್ಲವೋ, ತನ್ನನ್ನು ಸಹಿಸಿಕೊಂಡೇ ಹೋದಳೋ ಎಂದು ಕೇಳಲು ಯಾರೂ ಉಳಿಯಲಿಲ್ಲ. ಆ ಆಟಗಳನ್ನೆಲ್ಲ ಸಾಲಾಗಿ ಬರೆದು ನೋಡಿದರೆ ಅಲ್ಲೆಲ್ಲಾದರೂ ಅದು ಕಂಡೀತು ಎನ್ನುವ ಆಸೆಯಿಂದ ಅವನು ಒಪ್ಪಿದ.

ಮಗಳು ಶನಿವಾರ ಮಧ್ಯಾಹ್ನ ಬರುತ್ತಿದ್ದಳು. ಊರಿನ ಆಚೆ ತುದಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದ್ದು. ಆ ಶನಿವಾರವೂ ಬಂದವಳೇ ಬಟ್ಟೆ ಮಡಚಿ, ಸಿಂಕಿನ ಪಾತ್ರೆ ತೊಳೆದು, ಸಕ್ಕರೆ ಡಬ್ಬಿಯನ್ನು ಮೂರನೇ ಸಲ ಅದೇ ಜಾಗದಲ್ಲಿ ತೋರಿಸಿ, ಮೇಜಿನ ಮುಂದೆ ಪೆನ್ನು ಹಿಡಿದು ಕೂತಳು. ಅಪ್ಪನಿಗೆ ಗೆರೆ ಎಳೆಯಲು ಬರುತ್ತದೆ, ವಾಕ್ಯ ಎಳೆಯಲು ಬರುವುದಿಲ್ಲ. ಅವನು ಹೇಳುವುದು, ಇವಳು ಬರೆಯುವುದು ಎಂದಾಗಿತ್ತು. ಶೂ ಡಬ್ಬಿಯಲ್ಲಿ ಹನ್ನೊಂದು ವರ್ಷದ ಚೀಟಿಗಳಿದ್ದವು.

"ಬರ್ಕೋ. ಒಂದು. ತಿರುಗುಮುರುಗು," ಎಂದು ಅವನು ಶುರುಮಾಡಿದ. "ಒಂದರಿಂದ ಹನ್ನೆರಡಕ್ಕೆ ಹೋಗೋ ಬದಲು ಹನ್ನೆರಡರಿಂದ ಒಂದಕ್ಕೆ. ಕಂಬ ಅವೇ, ಆದ್ರೆ ಬೆನ್ನ ಕಡೆಯಿಂದ ಬಂದಾಗ ಕಾಡು ಬೇರೇನೇ ಕಾಣುತ್ತೆ. ಏಳನೇ ಕಂಬದ ಗುಡ್ಡಾನ ಹಿಂದಿನಿಂದ ಹತ್ತಬೇಕು. ಆ ಕಡೆ ಏರು ಕಡಿಮೆ. ನಿಮ್ಮಮ್ಮನಿಗೆ ಇದು ತುಂಬಾ ಹಿಡಿಸ್ತು. ನಾನು ಬೇರೆ ನಾಲ್ಕು ತೋರಿಸಿದ್ದೆ, ಇದೇ ಬೇಕು ಅಂದ್ಲು."

"ಯಾವ ತಿಂಗಳು ಅಪ್ಪ?" ಎಂದು ಮಗಳು ತಲೆಯೆತ್ತದೆ ಕೇಳಿದಳು.

"ತಿಂಗಳು ಯಾಕೆ? ಪುಸ್ತಕಕ್ಕೆ ತಿಂಗಳು ಬೇಡ."

ಅವಳು ಬರೆದುಕೊಂಡಳು. ಅವನಿಗೆ ಹುರುಪು ಬಂದಿತ್ತು. ಏಳು ತಿಂಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ. ಎದ್ದು ನಿಂತು ಮೇಜಿನ ಸುತ್ತ ಓಡಾಡುತ್ತ ಹೇಳತೊಡಗಿದ.

"ಎರಡು. ಎದುರುಬದುರು. ಒಬ್ರು ಒಂದರಿಂದ ಹೊರಡೋದು, ಇನ್ನೊಬ್ರು ಹನ್ನೆರಡರಿಂದ. ಎಲ್ಲಿ ಎದುರಾಗ್ತಾರೋ ಅಲ್ಲಿಗೆ ಆಟ ಮುಗೀತು, ಇಬ್ಬರ ಚೀಟಿ ಜೋಡಿಸಿದ್ರೆ ಹನ್ನೆರಡು. ಮೊದಮೊದಲು ಆರು ಏಳರ ಹತ್ರ ಸಿಗೋಳು. ಆಮೇಲೆ ನೋಡು, ನಿಮ್ಮಮ್ಮನ ಆಟ! ಎಂಟನೇ ಕಂಬಕ್ಕೆ ಬಂದ್ರೂ ಆಳಿಲ್ಲ. ಒಂಬತ್ತಕ್ಕೆ ಹೋದ್ರೆ ಅಲ್ಲಿ ಒಂದು ಬಂಡೆ ಮೇಲೆ ಕೂತಿದ್ದಾಳೆ, ಮಹಾರಾಣಿ ಥರ. 'ಏನೇ ಆಮೆ, ಮರಗಳ ಹತ್ರ ಹರಟೆ ಹೊಡೀತಿದ್ಯಾ?' ಅಂದೆ. ನಕ್ಕಳು. ಮುಂದಿನ ವಾರಾನೇ, 'ಇದೂ ಹಳಸಿತು, ಬೇರೆ ಮಾಡಿ' ಅಂದ್ಲು. ಅಷ್ಟು ಬೇಗ ಬೇಜಾರು ಅವಳಿಗೆ." ಅವನು ಚೀಟಿಯೊಂದನ್ನು ತೆಗೆದು ತೋರಿಸಿದ. ಅದರ ಮೇಲೆ ಅವನ ಸ್ಫುಟವಾದ ಅಕ್ಷರದಲ್ಲಿ 'ಆಮೆ: 3 ಕಂಬ' ಎಂದು ಬರೆದಿತ್ತು.

ಮಗಳು ಆ ಚೀಟಿಯನ್ನು ಇಸಿದುಕೊಂಡು ನೋಡಿ, ಬೋರಲು ಹಾಕಿ ಇಟ್ಟಳು. ಎದ್ದು ಹೋಗಿ ನೀರು ಕುಡಿದು ಬಂದಳು.

"ಮೂರು. ಬರಿಗೈ ಓಟ. ಇದು ನನ್ನ ತಲೆಯಿಂದ ಬಂದದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ಕಣಮ್ಮ. ಕೈಯಲ್ಲಿ ನಕ್ಷೆ ಇಲ್ಲ. ಪ್ರತಿ ಕಂಬದಲ್ಲೂ ಮುಂದಿನ ಕಂಬದವರೆಗಿನ ನಕ್ಷೆಯ ತುಂಡು ಅಂಟಿಸಿರುತ್ತೆ, ಅಂಗೈಯಗಲ. ಅಲ್ಲಿ ನಿಂತು ನೋಡಿ, ತಲೆಯಲ್ಲಿ ಇಟ್ಕೊಂಡು ಓಡಬೇಕು. ನಿಮ್ಮಮ್ಮ ಏನು ಮಾಡೋಳು ಗೊತ್ತಾ? ಕಂಬಕ್ಕೆ ಕೈ ಊರಿ, ಕಣ್ಣು ಮುಚ್ಕೊಂಡು ನಿಂತುಬಿಡೋಳು. ಒಂದು ನಿಮಿಷ, ಎರಡು ನಿಮಿಷ. ಆಯ್ತೇನೇ ಅಂದ್ರೆ ಬೆರಳೆತ್ತಿ, 'ಮಾತಾಡಿಸಬೇಡಿ, ನಕ್ಷೆ ಮರೆತುಹೋಗುತ್ತೆ' ಅನ್ನೋಳು. ಗಿರಾಕಿಗಳ ಅಷ್ಟುದ್ದದ ಅಳತೆಯೆಲ್ಲ ಬಾಯಿಪಾಠ ಇದ್ದೋಳಿಗೆ ಇಷ್ಟಗಲ ನಕ್ಷೆ ನಿಲ್ತಿರಲಿಲ್ಲ! ವಯಸ್ಸಾಯ್ತು ನಿನಗೆ ಅಂತ ರೇಗಿಸಿ ನಾನು ಮುಂದೆ ಓಡಿಹೋಗ್ತಿದ್ದೆ."

ಮಗಳ ಪೆನ್ನು ಕಚ್ಚಿಕೊಂಡು ಕಾಗದ ಹರಿಯಿತು. ಅವಳು ಆ ಹಾಳೆಯನ್ನು ಕಿತ್ತು, ಇನ್ನೊಂದರಲ್ಲಿ ಮೂರನೆಯದನ್ನು ಮತ್ತೆ ಮೊದಲಿಂದ ಬರೆದಳು. ಅವನು ಕಾದ. ನಾಲ್ಕನೆಯದು ಅರ್ಧ ಗಂಟೆಯೊಳಗೆ ಯಾವ ಕಂಬ ಬೇಕೋ ಅದನ್ನು ಆರಿಸಿಕೊಳ್ಳುವ ಆಟ. "ನಿಮ್ಮಮ್ಮ ಗುಡ್ಡದ ತಂಟೆಗೇ ಹೋಗ್ತಿರಲಿಲ್ಲ, ಕೆಳಗಿನ ನಾಲ್ಕು ಮುಟ್ಟಿ ಬಂದು ಕೂರೋಳು." ಐದನೆಯದು ಸರದಿ. ಒಬ್ಬರು ಬೆಂಚಿನಿಂದ ಹೊರಟು ಒಂದು ಕಂಬ ಮುಟ್ಟಿ ಬರುವುದು, ಅಲ್ಲಿಯವರೆಗೆ ಇನ್ನೊಬ್ಬರು ಕೂತು ಗಡಿಯಾರ ಹಿಡಿಯುವುದು. "ಅದರಲ್ಲೂ ಕಳ್ಳಿ, ತನ್ನ ಸರದೀನೂ ನನಗೇ ದಾಟಿಸೋಳು. ಬಟ್ಟೆ ಧೂಳಿಗೆ ಕೆಮ್ಮು, ಇವತ್ತು ನೀವೇ ಹೋಗಿ ಅಂತ."

"ಅಪ್ಪ, ಸಾಕು ಇವತ್ತಿಗೆ," ಎಂದಳು ಮಗಳು.

"ಇನ್ನೊಂದೇ. ಇದೇ ಕೊನೇದು. ಆರು. ಕಣ್ಣು ಕಾಲು." ಅವನು ಕುರ್ಚಿ ಎಳೆದುಕೊಂಡು ಅವಳೆದುರು ಕೂತ. ದನಿ ತಗ್ಗಿತ್ತು. "ಇದು ಅವಳೇ ಮಾಡಿದ್ದು, ನಂದಲ್ಲ. ಒಬ್ರು ಕಣ್ಣು, ಒಬ್ರು ಕಾಲು. ಅವಳು ಬೆಂಚಿನ ಮೇಲೆ ನಕ್ಷೆ ಇಟ್ಕೊಂಡು ಕೂರೋಳು. ನಾನು ಫೋನು ಕಿವಿಗೆ ಸಿಗಿಸ್ಕೊಂಡು ಓಡಬೇಕು, ನಕ್ಷೆ ನೋಡೋ ಹಾಗಿಲ್ಲ. 'ಬೇಲಿ ಬಿಟ್ಟು ಎಡಕ್ಕೆ ಬನ್ನಿ. ಹಳ್ಳ ಸಿಗುತ್ತೆ. ದಾಟಿ.' ಹೀಗೆ. ಕೊನೆಯ ನಾಲ್ಕೈದು ತಿಂಗಳು ಬರೀ ಇದೇ. ಆ ಕಾಡಿನಲ್ಲಿ ನನ್ನ ಕಿವಿಯೊಳಗೆ ಅವಳು... ಚೆನ್ನಾಗಿತ್ತು ಕಣಮ್ಮ. ಬರೀ ಒಂದೇ ತೊಂದರೆ. ಆ ಕಾಡಲ್ಲಿ ಸಿಗ್ನಲ್ ಸರಿ ಇಲ್ಲ. 'ಬಂಡೆಯ ಬಲಕ್ಕೆ' ಅಂತಾಳೆ, ಮಾತು ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ಟು 'ಹತ್ತು ಹೆಜ್ಜೆ' ಅಂತಾಳೆ. ಅದನ್ನೂ ಬರಿ. ಸಿಗ್ನಲ್ ಇರೋ ಕಡೆ ಮಾತ್ರ ಆಡಬೇಕು ಅಂತ."

ಮಗಳು ಪೆನ್ನನ್ನು ಮೇಜಿನ ಮೇಲಿಟ್ಟಳು. ಅದು ಉರುಳಿ ನೆಲಕ್ಕೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.

"ಅದು ಸಿಗ್ನಲ್ ಅಲ್ಲ ಅಪ್ಪ."

"ಮತ್ತೆ?"

"ಅಮ್ಮನಿಗೆ ಉಸಿರು ಸಾಲ್ತಿರಲಿಲ್ಲ."

ಅವನು ಚೀಟಿಗಳನ್ನು ಒಟ್ಟುಮಾಡಿ ಅಂಚು ಕುಟ್ಟಿ ಸರಿಮಾಡಿದ. ಮಗಳು ತಡೆಯದೆ ಹೇಳಿದಳು. ನಿಲ್ಲಿಸಿದರೆ ಮತ್ತೆ ಹೇಳಲಾರೆ ಎನ್ನುವ ಹಾಗೆ ಹೇಳಿದಳು. ಎರಡೂವರೆ ವರ್ಷದ ಹಿಂದೆ ಅಮ್ಮ ಸ್ಕ್ಯಾನ್ ಕವರ್ ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದಳು. ಗುಡ್ಡ ಹತ್ತುವಾಗ ಎದೆ ಹಿಡಿಯುತ್ತದೆ ಎಂದು ಒಬ್ಬಳೇ ಹೋಗಿ ತೋರಿಸಿಕೊಂಡಿದ್ದಳು. ಇದಕ್ಕೆ ಮದ್ದಿಲ್ಲ, ನಿಧಾನ ಮಾಡುವ ಮಾತ್ರೆ ಇದೆ, ಎರಡು ವರ್ಷ, ಹೆಚ್ಚೆಂದರೆ ಮೂರು ಎಂದಿದ್ದರು ಅಲ್ಲಿಯ ಡಾಕ್ಟರು. ಆ ಮಾತ್ರೆಯನ್ನು ಅಮ್ಮ ನೂಲಿನ ಡಬ್ಬಿಯಲ್ಲಿ ಉಂಡೆಗಳ ಕೆಳಗೆ ಇಟ್ಟುಕೊಂಡಿದ್ದಳು.

"ನಿನಗೆ ಗೊತ್ತಿತ್ತು," ಎಂದ ಅವನು.

"ಅಪ್ಪ..."

"ನಿನಗೆ ಗೊತ್ತಿತ್ತು! ಇಪ್ಪತ್ತು ದಿನ, ಇಪ್ಪತ್ತು ದಿನ ಅಂತ ನಾನು ಕಂಡಕಂಡವರಿಗೆಲ್ಲ ಹೇಳ್ಕೊಂಡು ತಿರುಗಿದೆ. ನೀನು ಪಕ್ಕದಲ್ಲೇ ನಿಂತು ತಲೆಯಾಡಿಸ್ತಿದ್ದೆ!"

"ಮಾತು ತಗೊಂಡಿದ್ಲು ನನ್ನ ಹತ್ರ. 'ನಿಮ್ಮಪ್ಪನಿಗೆ ಹೇಳಿದ್ರೆ ನಾಳೆಯಿಂದ ನನ್ನನ್ನ ಗಾಜಿನ ಲೋಟದ ಥರ ಎತ್ತಿಡ್ತಾರೆ. ತಾವೂ ಓಡೋದು ಬಿಟ್ಟು ನನ್ನ ಮುಖ ನೋಡ್ತಾ ಕೂರ್ತಾರೆ. ರೋಗಿ ಆಗಿ ಎರಡು ವರ್ಷ ಇರೋದಕ್ಕಿಂತ ಸೋಮಾರಿ ಅನ್ನಿಸ್ಕೊಂಡು ಇರೋದು ವಾಸಿ' ಅಂದ್ಲು. ನಾನು ಬೈದೆ, ಅತ್ತೂ ನೋಡಿದೆ, ಕೇಳಲಿಲ್ಲ. ಹೊಸ ಆಟ ಬೇಕು ಅಂತ ನಿನ್ನನ್ನ ಯಾಕೆ ಕಾಡ್ತಿದ್ಲು ಅಂದ್ಕೊಂಡೆ? ಬೇಜಾರಾಗಿ ಅಲ್ಲ ಅಪ್ಪ. ಅದೇ ಹಾದಿ ಓಡಿದ್ರೆ ಗಡಿಯಾರ ಹೇಳಿಬಿಡ್ತಿತ್ತು."

ನಕ್ಷೆಗಾರ ಎದ್ದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಂದು ಸಲ ಅಡಿಗೆಮನೆಯ ಕಡೆ, ಒಂದು ಸಲ ಬಾಗಿಲ ಕಡೆ ಹೋಗಿ, ಕೊನೆಗೆ ಏಳು ತಿಂಗಳಿಂದ ಕಾಲಿಡದ ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಯ್ಯೋ, ಎಂಥ ಪೆದ್ದ! ಸರ್ವೆ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಅವನೇ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು: ಏನು ಬೇಕಾದರೂ ಬದಲಿಸಿ, ಗುರುತುಕಲ್ಲು ಮಾತ್ರ ಅಲುಗಬಾರದು, ಅದು ಅಲುಗಿದರೆ ಯಾವುದರಿಂದ ಯಾವುದನ್ನು ಅಳೆಯುತ್ತೀರಿ? ಒಂಬತ್ತು ವರ್ಷ ಅವಳ ಸಮಯ ನಲವತ್ತೆರಡು ನಿಮಿಷ, ಒಂದು ಆಚೆ ಒಂದು ಈಚೆ. ಅದೇ ಹಾದಿ ಮುಂದುವರಿದಿದ್ದರೆ ನಲವತ್ತಾರು, ಐವತ್ತು, ಅರವತ್ತು ಎಂದು ಚೀಟಿಗಳೇ ಕೂಗಿ ಹೇಳುತ್ತಿದ್ದವು. ಅವಳು ಬಯಸಿದ್ದೇ ಆ ಕೂಗು ಅಡಗಲಿ ಎಂದು. ನಾನೇ ರಾತ್ರಿ ಹಗಲು ತಲೆ ಕೆಡಿಸಿಕೊಂಡು, ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದು, ಅದನ್ನು ಅಡಗಿಸಿಕೊಟ್ಟೆ. ಜಾಣತನ ಬೇರೆ!

ಆಸ್ಪತ್ರೆಯಲ್ಲಿ ಮೊದಲ ದಿನ ಡಾಕ್ಟರು, ಉಸಿರಾಟದ ತೊಂದರೆ ಎಷ್ಟು ಸಮಯದಿಂದ ಎಂದು ಕೇಳಿದ್ದರು. ಮಾಸ್ಕು ಹಾಕಿದ್ದ ಅವಳು ಎರಡು ಬೆರಳು ಎತ್ತಿ ತೋರಿಸಿದ್ದಳು. "ಎರಡು ವಾರ ಡಾಕ್ಟ್ರೇ," ಎಂದು ಇವನೇ ಮುಂದೆ ಬಿದ್ದು ಹೇಳಿದ್ದ. ಅವಳು ಇವನನ್ನು ನೋಡಿ, ಬೆರಳು ಮಡಚಿ, ಹೌದೆಂದು ತಲೆಯಾಡಿಸಿದ್ದಳು. ಅದು ನೆನಪಾಗಿ ಅವನು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತ. ಆಚೆ ಮಗಳಿಗೆ ಕೇಳಿಸುತ್ತದೆ ಎಂದೂ ನೋಡದೆ, ಬಾಯಿಬಿಟ್ಟು ಅತ್ತ. ಆಮೆ ಅಂದೆ. ಕಳ್ಳಿ ಅಂದೆ. ಕಂಬ ಹಿಡಿದು ನಿಂತವಳನ್ನು ಬಿಟ್ಟು ಓಡಿದೆ.

ಅತ್ತು ಮುಗಿದು ಮೂಗು ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಮಿಷನ್ನಿನ ಡ್ರಾಯರು ಎಳೆದಾಗ, ಗುಂಡುಪಿನ್ನುಗಳ ಡಬ್ಬಿಯ ಕೆಳಗೆ ನಕ್ಷೆಗಳ ಕಟ್ಟು ಸಿಕ್ಕಿತು. ಕಣ್ಣು ಕಾಲು ಆಟದವು. ವಾರಕ್ಕೊಂದು ಹಾಳೆ, ಹತ್ತೊಂಬತ್ತು ಹಾಳೆ. ಅವಳು ಬೆಂಚಿನ ಮೇಲೆ ಕೂತು ಇವನ್ನೇ ನೋಡಿ ಹೇಳುತ್ತಿದ್ದದ್ದು. ಮೇಲ್ನೋಟಕ್ಕೆ ಅವುಗಳ ಮೇಲೆ ಏನೂ ಬರೆದಿರಲಿಲ್ಲ. ಬೆರಳಿಗೆ ಮಾತ್ರ ಏನೋ ತರಿತರಿ ಹತ್ತಿತು. ಮೇಲಿನದನ್ನು ಕಿಟಕಿಗೆ ಹಿಡಿದ. ಇಳಿಹೊತ್ತಿನ ಬಿಸಿಲು ಕಾಗದದ ತುಂಬ ಸಣ್ಣ ಸಣ್ಣ ತೂತುಗಳಲ್ಲಿ ತೂರಿ ಬಂತು.

ಅವನು ಓಡುತ್ತಿದ್ದಂತೆ ಅವಳು ನಕ್ಷೆಯ ಮೇಲೆ ಪಿನ್ನು ಚುಚ್ಚುತ್ತ ಬಂದಿದ್ದಳು. ಅಳತೆ ಗುರುತು ಮಾಡುವಾಗ ಬಟ್ಟೆಗೆ ಚುಚ್ಚುವ ಹಾಗೆ. ಗೇಟಿನಿಂದ ಬೇಲಿ, ಬೇಲಿಯಿಂದ ಹಳ್ಳ, ಹತ್ತು ಹೆಜ್ಜೆಗೊಂದು ತೂತು. ಅವನು ದಾರಿ ತಪ್ಪಿ ಅಲೆದ ಕಡೆ ಗುಂಪಾಗಿ ಐದಾರು. ಹಳ್ಳದಲ್ಲಿ ಜಾರಿ ಬಿದ್ದು ಒಂದಷ್ಟು ಹೊತ್ತು ಮಾತಾಡದೆ ಕೂತಿದ್ದನಲ್ಲ, ಆ ಜಾಗದಲ್ಲಿ ಕಾಗದ ಹರಿಯುವಷ್ಟು ಚುಚ್ಚಿದ್ದಳು. ಹನ್ನೆರಡನೇ ಕಂಬ ಮುಗಿದ ಮೇಲೂ ತೂತುಗಳು ನಿಂತಿರಲಿಲ್ಲ. ಅವನು ವಾಪಸ್ಸು ಬೆಂಚಿಗೆ ಬರುವವರೆಗೂ ಬಂದಿದ್ದವು. ಹತ್ತೊಂಬತ್ತು ಹಾಳೆಯಲ್ಲೂ ಹಾಗೇ. ಬೇಜಾರಾದವರು ಯಾರೂ ಇಷ್ಟು ಪಿನ್ನು ಚುಚ್ಚುವುದಿಲ್ಲ. ಮುಳ್ಳು ಹೊರಬಂದಿತ್ತು, ಆದರೆ ಅದು ಇದ್ದ ಜಾಗ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು.

ಬಾಗಿಲು ತೆಗೆದಾಗ ಮಗಳು ಅದೇ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣು ಬಾತಿದ್ದವು. ಹೊರಡಲೋ ಬೇಡವೋ ಎಂದು ಚೀಲ ತೊಡೆಯ ಮೇಲಿತ್ತು.

"ನೀನೂ ಒಬ್ಬಳೇ ಹೊತ್ಕೊಂಡು ತಿರುಗಿದೆಯಲ್ಲ," ಎಂದ ಅವನು. ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವನು ಬಗ್ಗಿ ಪೆನ್ನು ಹುಡುಕಿ ಅವಳ ಮುಂದಿಟ್ಟ.

"ಏಳು," ಎಂದ. "ತಿಂಗಳಿಗೊಂದು ಭಾನುವಾರ ಏನನ್ನೂ ಬದಲಿಸಬೇಡಿ. ಅದೇ ಹಾದಿ, ಒಂದರಿಂದ ಹನ್ನೆರಡು. ಜೊತೆಗೆ ಬಂದವರ ಸಮಯ ಬರೆದಿಡಿ. ನಿಮ್ಮದಲ್ಲ, ಅವರದ್ದು."

ಹಲ್ಲು ಡಾಕ್ಟರು ಕ್ಲಿನಿಕ್ಕಿನಲ್ಲೇ ಕೂತು, ರೋಗಿಯೊಬ್ಬನನ್ನು ಬಾಯಿ ತೆರೆಸಿಟ್ಟುಕೊಂಡೇ, ಎಲ್ಲವನ್ನೂ ಓದಿದರು. ಆರರವರೆಗೂ ಭೇಷ್ ಭೇಷ್ ಎಂದರು. ಏಳನೆಯದಕ್ಕೆ ಕನ್ನಡಕ ಮೇಲೇರಿಸಿದರು. "ಇದೇನ್ರೀ, ಬೇಜಾರು ಕಳೆಯೋ ಪುಸ್ತಕದಲ್ಲಿ ಬೇಜಾರಿನದ್ದೇ ಪಾಠ? ಇದು ತೆಗೆಯೋಣವಾ?"

"ಬೇರೆ ಯಾವುದು ಬೇಕಾದ್ರೂ ತೆಗೀರಿ ಡಾಕ್ಟ್ರೇ," ಎಂದ ನಕ್ಷೆಗಾರ. "ಅದು ಇರಲಿ."

ಅವನ ಮುಖ ನೋಡಿ ಡಾಕ್ಟರು, ಬಹುಶಃ ಜೀವನದಲ್ಲಿ ಮೊದಲ ಸಲ, ತೆರೆದ ಬಾಯಿ ಮುಚ್ಚಿ, ಆ ಹಾಳೆಯನ್ನೂ ಉಳಿದವುಗಳ ಜೊತೆ ಇಟ್ಟರು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಕಾಡಿಗೆ ಹೋದರು. ಮಗಳಿಗೆ ಈ ಆಟದ ಗಂಧಗಾಳಿ ಗೊತ್ತಿಲ್ಲ. ನಕ್ಷೆಯನ್ನು ತಲೆಕೆಳಗು ಹಿಡಿದು ಒಂದನೇ ಕಂಬದಲ್ಲೇ ಎದುರು ದಿಕ್ಕಿಗೆ ಹೊರಟಳು. ಅವನು ನಕ್ಕು ಸರಿಮಾಡಿದ. ಗಡಿಯಾರ ಅವನ ಕೈಯಲ್ಲಿತ್ತು. ಒಂದು, ಎರಡು, ಮೂರು ಎಂದು ಹಳೇ ಹಾದಿಯಲ್ಲೇ, ಓಡದೆ, ನಡೆದರು. ಕಂಬಗಳ ಬಟ್ಟೆ ಬಿಸಿಲಿಗೆ ಬಣ್ಣಗೆಟ್ಟಿತ್ತು. ಹೊಲಿಗೆ ಮಾತ್ರ ಒಂದು ಕಡೆಯೂ ಬಿಚ್ಚಿರಲಿಲ್ಲ. ಒಂಬತ್ತನೇ ಕಂಬದ ಬಂಡೆಗೆ ಇನ್ನೂ ದೂರವಿತ್ತು. ಗುಡ್ಡದ ಬುಡದ ಆರನೇ ಕಂಬದಲ್ಲಿ ಮಗಳು ಚೀಟಿಗೆ ತೂತು ಹಾಕಿಕೊಂಡು, ನಕ್ಷೆ ಹಿಡಿದು ಏರು ಹತ್ತತೊಡಗಿದಳು.

ಇಪ್ಪತ್ತು ಹೆಜ್ಜೆ ಹತ್ತಿ ಹಿಂದೆ ನೋಡಿದರೆ ಅಪ್ಪ ಬಂದಿರಲಿಲ್ಲ. ಕೆಳಗೆ ಕಂಬಕ್ಕೆ ಕೈ ಊರಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ.

"ಅಪ್ಪ? ಸುಸ್ತಾಯ್ತಾ?"

ಅವನು ಕಣ್ಣು ತೆರೆಯದೆ ಒಂದು ಬೆರಳು ಎತ್ತಿದ.

"ಮಾತಾಡಿಸಬೇಡ ಕಣಮ್ಮ," ಎಂದ. "ನಕ್ಷೆ ಮರೆತುಹೋಗುತ್ತೆ."

ಮಗಳು ಕೈಯಲ್ಲಿದ್ದ ನಕ್ಷೆಯನ್ನು ನೋಡಿದಳು. ಅದನ್ನು ಮಡಚಿ ಜೇಬಿಗಿಟ್ಟು, ಹತ್ತಿದ್ದ ಏರನ್ನು ಇಳಿದು ಬಂದು, ಕಂಬದ ಇನ್ನೊಂದು ಬದಿಗೆ ತಾನೂ ಕೈ ಊರಿ ನಿಂತಳು. ಅವರ ತಲೆಯ ಮೇಲೆ ಕಿತ್ತಳೆ ಬಿಳಿ ಬಟ್ಟೆ ಗಾಳಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿತ್ತು.